ಮೂರರಲ್ಲಿ ಹತ್ತನೆಯ ಕಡತ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ "ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಯಶಸ್ಸು" ಎಂದು. ನಾನು ಬೇಡ ಎಂದೆ. ಯಶಸ್ಸಿನ ಭಾಷಣ ಕೇಳಿ ಮನೆಗೆ ಹೋದ ಹುಡುಗನಿಗೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಅಷ್ಟರಲ್ಲಿ ನಿನ್ನೆ ಸಂಜೆ ಪೆಂಡಾಲ್ ಹಾಕುವಾಗ ಹತ್ತನೆಯ ತರಗತಿಯ ಒಬ್ಬ ಹುಡುಗಿ ಬಂದು ಕೇಳಿದಳು: "ಸರ್, ನಂಗ ಇಂಗ್ಲಿಷ್ ಅಷ್ಟ ಬರೂದಿಲ್ಲ, ಮನ್ಯಾಗ ಕಂಪ್ಯೂಟರೂ ಇಲ್ಲ. ನೀವು ಮಾಡೋ ಕೆಲಸ ನಾ ಮಾಡಬಹುದ್ರೀ?" ನಾನು "ಹೂಂ, ಮಾಡಬಹುದು" ಅಂದುಬಿಟ್ಟೆ. ಆಮೇಲೆ ರಾತ್ರಿಯೆಲ್ಲ ಆ "ಹೂಂ" ಅನ್ನು ಹೇಗೆ ನಿಜ ಮಾಡುವುದು ಎಂದು ಯೋಚಿಸಿದೆ. ಇವತ್ತಿನ ಮಾತು ಅವಳಿಗೆ ಕೊಡುವ ಉತ್ತರ. ಉಳಿದವರು ಪಕ್ಕದಲ್ಲಿ ಕೂತು ಕೇಳಬೇಕು.

ಮೊದಲು ಹಿರಿಯರಿಗಾಗಿ ಎರಡು ಮಾತು. ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಂ ಎಂಬುದೊಂದು ಇರುತ್ತದೆ. ನಮ್ಮ ಪಂಚಾಯಿತಿಯಲ್ಲಿ ನೀರು ಬಿಡುವವರು ಯಾವ ಓಣಿಗೆ ಯಾವಾಗ, ಎಷ್ಟು ಹೊತ್ತು ಎಂದು ನೋಡಿಕೊಳ್ಳುತ್ತಾರಲ್ಲ, ಹಾಗೆ ಯಂತ್ರದ ಸಮಯ, ನೆನಪು, ಪರದೆ, ಕೀಲಿಮಣೆ ಇವನ್ನು ಎಲ್ಲ ಪ್ರೋಗ್ರಾಂಗಳಿಗೂ ಹಂಚುವುದು ಅದರ ಕೆಲಸ. ಅದು ಇಲ್ಲದಿದ್ದರೆ ಕಂಪ್ಯೂಟರ್ ಬರೀ ಡಬ್ಬಿ. ಕೆಲವು ಆಪರೇಟಿಂಗ್ ಸಿಸ್ಟಂಗಳನ್ನು ಕಂಪನಿಗಳು ಮಾರುತ್ತವೆ. ಅವುಗಳ ಒಳಗೆ ಏನಿದೆ ಎಂದು ನೋಡುವ ಹಾಗಿಲ್ಲ. ಇನ್ನು ಕೆಲವು ಮುಕ್ತ ತಂತ್ರಾಂಶಗಳು. ಅವುಗಳನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗೆ ಬರೆದಿದ್ದಾರೆ ಎಂದು ಓದಬಹುದು, ತಿದ್ದಬಹುದು, ಹಂಚಬಹುದು. ಹಿಂದೆ ನಮ್ಮ ಮನೆಗಳಲ್ಲಿ ಜೋಳದ ಬೀಜ ಇಟ್ಟುಕೊಂಡು ಪಕ್ಕದ ಮನೆಗೂ ಕೊಡುತ್ತಿದ್ದರು. ಈಗ ಪ್ರತಿ ವರ್ಷ ಚೀಟಿ ಅಂಟಿಸಿದ ಪಾಕೀಟು ಕೊಳ್ಳುತ್ತೇವೆ. ಇವೆರಡರ ನಡುವಿನ ವ್ಯತ್ಯಾಸ ನಿಮಗೆ ನಾನು ಹೇಳಬೇಕಾಗಿಲ್ಲ.

ಇಂಥ ಮುಕ್ತ ವ್ಯವಸ್ಥೆಗಳಲ್ಲಿ ದೊಡ್ಡ ಹೆಸರು ಲಿನಕ್ಸ್. ಅದನ್ನು 1991ರಲ್ಲಿ ಶುರು ಮಾಡಿದವರು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್. ಆಗ ಅವರಿಗೆ 21 ವರ್ಷ. ಲಿನಕ್ಸ್ ಆಧಾರದ ಡೆಬಿಯನ್ ಎಂಬ ವ್ಯವಸ್ಥೆಯನ್ನು 1993ರಲ್ಲಿ ಆರಂಭಿಸಿದ ಇಯಾನ್ ಮರ್ಡಾಕ್ ಕೂಡ ಆಗ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅಂದರೆ ಇದು ಮೊದಲಿನಿಂದಲೂ ವಿದ್ಯಾರ್ಥಿಗಳು ಕೈ ಹಾಕಿದ ಕೆಲಸ. ಇವತ್ತು ಇಲ್ಲಿ ಕುಳಿತ ಬಹುತೇಕರ ಜೇಬಿನಲ್ಲಿ ಲಿನಕ್ಸ್ ಇದೆ, ಏಕೆಂದರೆ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಅದೇ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿ ತೆಗೆದರೆ 2017ರಿಂದ ಈಚೆಗೆ ಅವೆಲ್ಲವೂ ಓಡುವುದು ಲಿನಕ್ಸ್ ಮೇಲೆ.

ಈಗ ನನ್ನ ಕಥೆ. 2005ರಲ್ಲಿ ನಾನು ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದೆ, ಕನ್ನಡ ಮಾಧ್ಯಮ. ಗದಗಿನಲ್ಲಿ ಪಿಯುಸಿ, 2007ರಲ್ಲಿ ಹುಬ್ಬಳ್ಳಿಗೆ ಬಿಇ ಓದಲು ಹೋದೆ. ಮೊದಲ ವರ್ಷ ತರಗತಿಯಲ್ಲಿ ಏನು ಹೇಳುತ್ತಿದ್ದಾರೆ ಎಂಬುದೇ ತಿಳಿಯುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡಿನ ಮೇಲಿದ್ದದ್ದನ್ನು ಚಿತ್ರದ ಹಾಗೆ ಬರೆದುಕೊಳ್ಳುತ್ತಿದ್ದೆ. ಎರಡನೆಯ ವರ್ಷದಲ್ಲಿ ಸೀನಿಯರ್ ಒಬ್ಬರಿಂದ ಹಳೆಯ ಡೆಸ್ಕ್‌ಟಾಪ್ ಒಂದನ್ನು ಕೊಂಡೆ. ಅದರಲ್ಲಿ ಏನೂ ಓಡುತ್ತಿರಲಿಲ್ಲ.

ಆ ಕಾಲದಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಸಿಡಿಯನ್ನು ಕೇಳಿದವರಿಗೆಲ್ಲ ಕ್ಯಾನೋನಿಕಲ್ ಕಂಪನಿ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿತ್ತು. 2011ರಲ್ಲಿ ಆ ಯೋಜನೆ ನಿಂತುಹೋಯಿತು. ನಾನು ಸೈಬರ್ ಕೆಫೆಯಲ್ಲಿ ಕೂತು ಮನೆಯ ವಿಳಾಸ ತುಂಬಿದೆ. ಕೊಪ್ಪಳ ಜಿಲ್ಲೆಯಲ್ಲೂ ಮಹಾದೇವ ದೇವಾಲಯದ ಇಟಗಿ ಇದೆಯಲ್ಲ, ಅಲ್ಲಿಗೆ ಹೋದೀತೆಂದು ರೋಣ ತಾಲ್ಲೂಕು, ಗದಗ ಜಿಲ್ಲೆ ಎಂದು ಎರಡೆರಡು ಸಲ ಬರೆದೆ. ಕೆಲವು ವಾರಗಳಾದ ಮೇಲೆ ಭೀಮವ್ವನ ಇಟಗಿಗೇ ಬಂತು. ಹೊರದೇಶದ ಪಾಕೀಟು ನೋಡಿ ಅವ್ವ ಗಾಬರಿಯಾಗಿದ್ದಳು. "ಏನ್ ತರಸೀದ್ಯೋ, ದುಡ್ಡ ಎಷ್ಟ ಕೊಡಬೇಕೋ?" ಅಂದಳು.

ಆ ಸಿಡಿ ಹಾಕಿದ ಮೇಲೆ ನನ್ನ ಹಳೆಯ ಡಬ್ಬಿಗೆ ಜೀವ ಬಂತು. ಅದಕ್ಕಿಂತ ದೊಡ್ಡ ಆಶ್ಚರ್ಯ ಎಂದರೆ ಅದರಲ್ಲಿ ಭಾಷೆ ಆರಿಸಿಕೊಳ್ಳುವ ಜಾಗವಿತ್ತು, ಪಟ್ಟಿಯಲ್ಲಿ ಕನ್ನಡವೂ ಇತ್ತು. ಒತ್ತಿದೆ. ಪರದೆಯ ಮೇಲಿನ ಮೆನುಗಳು ಕನ್ನಡವಾದವು. ಇಂಜಿನಿಯರಿಂಗ್‌ಗೆ ಸೇರಿ ಒಂದೂವರೆ ವರ್ಷಕ್ಕೆ ಮೊದಲ ಸಲ ಕಂಪ್ಯೂಟರ್ ನನ್ನ ಜೊತೆ ಮಾತಾಡಿದ ಹಾಗಾಯಿತು.

ಇದನ್ನೆಲ್ಲ ಯಾರು ಮಾಡಿದರು ಎಂದು ಆಮೇಲೆ ತಿಳಿಯಿತು. ಗ್ನೋಮ್, ಫೆಡೋರಾದಂಥ ತಂತ್ರಾಂಶಗಳ ಸಾವಿರಾರು ವಾಕ್ಯಗಳನ್ನು ಕನ್ನಡಕ್ಕೆ ತಂದವರಲ್ಲಿ ಶಂಕರ ಪ್ರಸಾದ್ ಒಬ್ಬರು. ಓಂಶಿವಪ್ರಕಾಶ್ ಅವರು "ಲಿನಕ್ಸಾಯಣ" ಎಂಬ ಹೆಸರಿನಲ್ಲಿ ಲಿನಕ್ಸ್ ಬಗ್ಗೆ ಕನ್ನಡದಲ್ಲೇ ಬರೆದರು. ಅರವಿಂದ ವಿ.ಕೆ. ಅವರು "ಗುಬ್ಬಿ", "ನವಿಲು" ಎಂಬ ಕನ್ನಡ ಫಾಂಟ್‌ಗಳನ್ನು ರೂಪಿಸಿ ಮುಕ್ತವಾಗಿ ಹಂಚಿದರು. ಅಂಥ ಫಾಂಟ್‌ಗಳನ್ನು ಡೆಬಿಯನ್ ಒಳಗೆ ಸೇರಿಸುವ ಕೆಲಸದಲ್ಲಿ ವಾಸುದೇವ ಕಾಮತ್ ಇದ್ದರು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿಯಾದ ಕೆಜಿಪಿ ಕೀಲಿಮಣೆ ವಿನ್ಯಾಸವೂ ಲಿನಕ್ಸ್‌ನಲ್ಲಿ ಸಿಗುತ್ತದೆ. ಅದರ ಹಿಂದೆ ಕಿನ್ನಿಕಂಬಳ ಪದ್ಮನಾಭ ರಾವ್ ಅವರ ಯೋಚನೆ ಇದೆ. ಇವರು ಯಾರೂ ಸರ್ಕಾರದ ಆದೇಶಕ್ಕೆ ಕಾಯ್ದು ಕೂತವರಲ್ಲ.

2009ರಲ್ಲಿ ನಮ್ಮೂರ ಜಾತ್ರೆಯ ಫೋಟೊಗಳನ್ನು ಗೆಳೆಯನ ಕ್ಯಾಮೆರಾದಿಂದ ಕಂಪ್ಯೂಟರಿಗೆ ಹಾಕುತ್ತಿದ್ದೆ. ಹತ್ತು ಫೋಟೊ ಇದ್ದವು. ಪರದೆಯ ಮೇಲೆ ಒಂದು ಸಾಲು ಬಂತು: "3ರಲ್ಲಿ 10ನೆಯ ಕಡತ ನಕಲಾಗುತ್ತಿದೆ." ನಗು ಬಂತು. ಮೂರರಲ್ಲಿ ಹತ್ತನೆಯದು ಹೇಗೆ ಇರುತ್ತದೆ? ಹತ್ತರಲ್ಲಿ ಮೂರನೆಯದು ಎಂದಿರಬೇಕು.

ಇಂಥ ತಪ್ಪು ಹೇಗಾಗುತ್ತದೆ ನೋಡಿ. ಇಂಗ್ಲಿಷಿನಲ್ಲಿ ಮೂರು ಮೊದಲು ಬರುತ್ತದೆ, ಹತ್ತು ಆಮೇಲೆ. ಪ್ರೋಗ್ರಾಂ ಬರೆದವರು ಆ ಎರಡು ಸಂಖ್ಯೆಗಳಿಗೆ ಎರಡು ಖಾಲಿ ಜಾಗ ಬಿಟ್ಟಿರುತ್ತಾರೆ. ಮೊದಲ ಖಾಲಿ ಜಾಗಕ್ಕೆ ಮೂರು ಬಂದು ಕೂರುತ್ತದೆ, ಎರಡನೆಯದಕ್ಕೆ ಹತ್ತು. ಕನ್ನಡದಲ್ಲಿ "ಹತ್ತರಲ್ಲಿ" ಮೊದಲು ಬರಬೇಕು, "ಮೂರನೆಯ" ಆಮೇಲೆ. ಅನುವಾದ ಮಾಡಿದವರು ವಾಕ್ಯವನ್ನು ಸರಿಯಾಗಿಯೇ ಬರೆದಿದ್ದರು. ಆದರೆ ಖಾಲಿ ಜಾಗಗಳು ಅದಲು ಬದಲಾಗಿವೆ ಎಂದು ಯಂತ್ರಕ್ಕೆ ಹೇಳುವುದು ಬಿಟ್ಟುಹೋಗಿತ್ತು. ಪ್ರತಿ ಖಾಲಿ ಜಾಗಕ್ಕೂ ಒಂದು, ಎರಡು ಎಂದು ಕ್ರಮಸಂಖ್ಯೆ ಹಾಕಿದರೆ ಅದು ಸರಿಹೋಗುತ್ತದೆ. ಒಟ್ಟು ನಾಲ್ಕು ಅಕ್ಷರ ಸೇರಿಸುವ ಕೆಲಸ.

ಈ ತಪ್ಪನ್ನು ಅಮೆರಿಕದಲ್ಲಿ ಕೂತ ದೊಡ್ಡ ಇಂಜಿನಿಯರ್ ಹಿಡಿಯಲಾರ. ಪ್ರೋಗ್ರಾಂ ನಿಲ್ಲುವುದಿಲ್ಲ, ಕಿರುಚುವುದಿಲ್ಲ, ಫೋಟೊಗಳೂ ಸರಿಯಾಗಿ ನಕಲಾಗುತ್ತವೆ. ಕನ್ನಡ ಓದುವವನ ಕಣ್ಣಿಗೆ ಮಾತ್ರ ಅದು ಬೀಳುತ್ತದೆ. ನನ್ನ ಕಣ್ಣಿಗೆ ಬಿತ್ತು, ಏಕೆಂದರೆ ಈ ಶಾಲೆಯಲ್ಲಿ ಕನ್ನಡ ಕಲಿಸಿದ ಗುರುಗಳು ವಿಭಕ್ತಿ ತಪ್ಪಿದರೆ ಇಡೀ ವಾಕ್ಯವನ್ನು ಹತ್ತು ಸಲ ಬರೆಸುತ್ತಿದ್ದರು. ಹುಬ್ಬಳ್ಳಿಯಲ್ಲಿ ನನ್ನ ಕೊರತೆ ಎಂದುಕೊಂಡಿದ್ದ ಕನ್ನಡ ಮಾಧ್ಯಮವೇ ಅವತ್ತು ನನ್ನ ಅರ್ಹತೆಯಾಯಿತು. ತಂಗಿ, ಈ ಮಾತನ್ನು ನೀನು ಗಟ್ಟಿಯಾಗಿ ನೆನಪಿಟ್ಟುಕೋ.

ಆದರೆ ನಾನು ಅವತ್ತು ಮಾಡಿದ್ದು ಹುಡುಗುತನ. ಆ ಅನುವಾದದ ಕಡತ ಹುಡುಕಿ ತೆಗೆದೆ. ಆ ಒಂದು ಸಾಲು ತಿದ್ದಿದೆ. ಕೈ ಹಾಕಿದ್ದೇನೆ ಎಂದು ಬೇರೆ ಹತ್ತು ಹದಿನೈದು ಸಾಲನ್ನೂ ನನ್ನ ಮನಸ್ಸಿಗೆ ಬಂದ ಹಾಗೆ ಬದಲಿಸಿದೆ. "ಕಡತ" ಎಂದರೆ ನನಗೆ ತಾಲ್ಲೂಕು ಕಚೇರಿ ನೆನಪಾಗುತ್ತಿತ್ತು, ಎಲ್ಲ ಕಡೆ "ಫೈಲು" ಮಾಡಿದೆ. ಏಕೆ ಬದಲಿಸಿದೆ ಎಂದು ಒಂದು ಸಾಲೂ ಬರೆಯದೆ ಕಳಿಸಿದೆ. ವಾಪಸ್ ಬಂತು. ಬೈದಿರಲಿಲ್ಲ. ಹೇಳಿದ್ದು ಇಷ್ಟೇ: ಒಂದು ಸಲಕ್ಕೆ ಒಂದೇ ವಿಷಯ ಕಳಿಸಿ. ಏಕೆ ಬೇಕು ಎಂದು ಬರೆಯಿರಿ. ಪದಗಳ ಪಟ್ಟಿಯನ್ನು ಎಲ್ಲರೂ ಸೇರಿ ಒಪ್ಪಿಕೊಂಡಿದ್ದಾರೆ, ಬದಲಿಸಬೇಕಾದರೆ ಮೊದಲು ಚರ್ಚಿಸಿ.

ನನಗೆ ಮುಖ ಸಪ್ಪಗಾಯಿತು. ಎರಡು ವಾರ ಆ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಒಂದು ದಿನ ಅನ್ನಿಸಿತು, ನಮ್ಮ ನೋಟ್‌ಬುಕ್ಕಿನ ಮೇಲೂ ಕೆಂಪು ಶಾಯಿಯಲ್ಲಿ ಹೀಗೇ ಬರೆಯುತ್ತಿದ್ದರಲ್ಲ. ಕೆಂಪು ಶಾಯಿ ಬಿದ್ದಿದೆ ಎಂದರೆ ಯಾರೋ ಕೂತು ಪೂರ್ತಿ ಓದಿದ್ದಾರೆ ಎಂದರ್ಥ. ಮತ್ತೆ ಕೂತೆ. ಒಂದೇ ಸಾಲು ತಿದ್ದಿ, ಅರ್ಧಮರ್ಧ ಇಂಗ್ಲಿಷಿನಲ್ಲಿ ಕಾರಣ ಬರೆದೆ: ಹತ್ತು ಕಡತಗಳಲ್ಲಿ ಮೂರನೆಯದು ನಕಲಾಗುವಾಗ ಹೀಗೆ ಕಾಣುತ್ತದೆ, ಹೀಗೆ ಕಾಣಬೇಕು. ಒಪ್ಪಿಗೆಯಾಯಿತು. ಅನುವಾದದ ಕಡತದ ತಲೆಯಲ್ಲಿ ಕೆಲಸ ಮಾಡಿದವರ ಹೆಸರು, ಇಸವಿ ಬರೆಯುವ ಪದ್ಧತಿ ಇದೆ. ಅಲ್ಲಿ ನನ್ನ ಹೆಸರೂ ಬಂತು, ಮುಂದೆ 2009.

ರಜೆಗೆ ಬಂದಾಗ ಅಪ್ಪನಿಗೆ ತೋರಿಸಿದೆ. "ರೊಕ್ಕ ಎಷ್ಟ ಬಂತು?" ಅಂದ.

"ಏನೂ ಇಲ್ಲಪ್ಪ."

"ಮತ್ತ ರಾತ್ರಿ ಎಲ್ಲಾ ಕುಂತು ಯಾಕ ಮಾಡ್ದಿ?"

"ಅವರು ಮಾಡಿದ್ದನ್ನ ನಾನೂ ಪುಕ್ಕಟೆ ಬಳಸ್ತೀನಿ. ಅದರಾಗ ಒಂದ ಹರಳು ಇತ್ತು, ತೆಗದೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಮುಯ್ಯಾಳು ಇದ್ದಂಗ. ಅವರು ನಮ್ಮ ಹೊಲಕ್ಕ ಬಂದಾರ, ನಾವು ಅವರ ಹೊಲಕ್ಕ ಹೋಗಬೇಕು. ಮುಯ್ಯಿ ಮಾತ್ರ ಬಾಕಿ ಇಟಗೋಬ್ಯಾಡ" ಅಂದ. ನಾನು ಮುಂದೆ ಎಷ್ಟೋ ಸಭೆಗಳಲ್ಲಿ ಮುಕ್ತ ತಂತ್ರಾಂಶದ ವಿವರಣೆ ಕೇಳಿದ್ದೇನೆ. ಇದಕ್ಕಿಂತ ಚೊಕ್ಕವಾದದ್ದು ಕೇಳಿಲ್ಲ. ಅಪ್ಪ ಇವತ್ತು ಅಲ್ಲಿ ಹಿಂದೆ ಬೇವಿನ ಗಿಡದ ಕೆಳಗೆ ಕುಂತಾನೆ. ಆದ್ದರಿಂದ ಮುಂದಿನ ಮಾತನ್ನು ನಾನು ಸುಳ್ಳು ಹೇಳುವ ಹಾಗಿಲ್ಲ.

ನಾನು ಮುಯ್ಯಿ ಬಾಕಿ ಇಟ್ಟುಕೊಂಡೆ. 2011ರಲ್ಲಿ ಬಿಇ ಮುಗಿದು ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ದಿನವೂ ಬಳಸುತ್ತಿದ್ದದ್ದು ಲಿನಕ್ಸ್, ಸಂಬಳ ಬರುತ್ತಿದ್ದದ್ದು ಅದರಿಂದ. ಒಂಬತ್ತು ವರ್ಷ ಒಂದು ಅಕ್ಷರ ವಾಪಸ್ ಕೊಡಲಿಲ್ಲ. ಟೈಮ್ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. 2020ರಲ್ಲಿ ಲಾಕ್‌ಡೌನ್ ಆಗಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಒಂದು ರಾತ್ರಿ ಸುಮ್ಮನೆ ಆ ಹಳೆಯ ಕಡತ ತೆಗೆದು ನೋಡಿದೆ. ನನ್ನ ಹೆಸರು ಇತ್ತು, ಮುಂದೆ 2009 ಮಾತ್ರ. ಆದರೆ ನಾನು ತಿದ್ದಿದ ಸಾಲು ಪರದೆಯ ಮೇಲೆ ಕನ್ನಡದಲ್ಲಿ ಇರಲಿಲ್ಲ, ಇಂಗ್ಲಿಷಿನಲ್ಲಿ ಬರುತ್ತಿತ್ತು. ಮೂಲ ಇಂಗ್ಲಿಷ್ ವಾಕ್ಯವನ್ನು ಯಾರೋ ಸ್ವಲ್ಪ ಬದಲಿಸಿದ್ದರು. ಹಾಗೆ ಬದಲಾದಾಗ ಹಳೆಯ ಅನುವಾದವನ್ನು ಯಂತ್ರ ಪಕ್ಕಕ್ಕೆ ಇಡುತ್ತದೆ. ಯಾರಾದರೂ ಬಂದು ನೋಡಿ ಸರಿ ಎನ್ನುವ ತನಕ ಅಲ್ಲಿ ಇಂಗ್ಲಿಷೇ ಕಾಣುತ್ತದೆ. ಅದನ್ನು ನೋಡಲು ಯಾರೂ ಬಂದಿರಲಿಲ್ಲ. ನಾನಂತೂ ಬಂದಿರಲಿಲ್ಲ.

ಬಿತ್ತಿ ಬಂದರೆ ಸಾಲದು, ಎಡಿ ಹೊಡೆಯಬೇಕು ಎಂಬುದು ಎರೆ ಹೊಲದವರಿಗೆಲ್ಲ ಗೊತ್ತು. ಕಂಪ್ಯೂಟರಿನ ಕನ್ನಡವೂ ಹಾಗೇ. ಒಮ್ಮೆ ಮಾಡಿ ಮುಗಿಸುವ ಕೆಲಸ ಅಲ್ಲ. ಕೈ ಬಿಟ್ಟರೆ ಸಾಲು ಸಾಲಾಗಿ ಇಂಗ್ಲಿಷಿಗೆ ಜಾರುತ್ತದೆ. ಅವತ್ತಿನಿಂದ ನಾನು ಭಾನುವಾರ ಎರಡು ಗಂಟೆ ಈ ಕೆಲಸಕ್ಕೆ ಕೂರುತ್ತೇನೆ. ಈಗ ನನ್ನ ಹೆಸರಿನ ಮುಂದೆ ಇನ್ನೂ ಕೆಲವು ಇಸವಿಗಳು ಸೇರಿವೆ.

ಈಗ ಆ ಹುಡುಗಿಗೆ ನಾಳೆ ಬೆಳಿಗ್ಗೆಯ ಕೆಲಸ.

ಮೊದಲನೆಯದು, ಬಳಸು. ಶಾಲೆಯಲ್ಲಾಗಲಿ, ಗೆಳತಿಯ ಮನೆಯಲ್ಲಾಗಲಿ ಯಂತ್ರ ಸಿಕ್ಕಾಗ ಅದನ್ನು ಕನ್ನಡದಲ್ಲಿ ಇಟ್ಟು ಬಳಸು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಮುಕ್ತ ತಂತ್ರಾಂಶದ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರು ನಿನ್ನಂಥ ಮಕ್ಕಳೇ.

ಎರಡನೆಯದು, ತಪ್ಪು ಕಂಡರೆ ಬರೆದಿಡು. ಇದಕ್ಕೆ ಕಂಪ್ಯೂಟರ್ ಬೇಡ, ನೋಟ್‌ಬುಕ್ ಸಾಕು. ಮೂರು ಸಾಲು ಬರೆ: ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ವಿಜ್ಞಾನದ ಪ್ರಯೋಗ ಬರೆಯುತ್ತೀಯಲ್ಲ, ಹಾಗೆ. ಜೊತೆಗೆ ತಂತ್ರಾಂಶದ ಹೆಸರು, ಅದರ ಆವೃತ್ತಿ ಸಂಖ್ಯೆ. ಇಂಥ ಒಂದು ಒಳ್ಳೆಯ ದೂರು ಅರ್ಧ ದುರಸ್ತಿಗೆ ಸಮ. ಒಂದು ಉದಾಹರಣೆ ಕೊಡುತ್ತೇನೆ. "ಸೂರ್ಯ" ಎಂದು ಬರೆದರೆ ಅರ್ಕಾವತ್ತು ಬರಬೇಕು. "ರ‍್ಯಾಂಕ್" ಎಂದು ಬರೆದರೆ ಬರಬಾರದು. ಯಂತ್ರಕ್ಕೆ ಎರಡರಲ್ಲೂ ಕಾಣುವುದು ರ ಮತ್ತು ಯ ಸೇರಿದ್ದು. ಅದಕ್ಕೆ ವ್ಯತ್ಯಾಸ ತಿಳಿಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಡಬೇಕು. ಕೆಲವು ಫಾಂಟ್, ಕೆಲವು ತಂತ್ರಾಂಶಗಳಲ್ಲಿ ಇದು ಕೆಡುತ್ತದೆ. ಕೆಟ್ಟಿದೆ ಎಂದು ಹೇಳಲು ಅರ್ಕಾವತ್ತು ಗೊತ್ತಿದ್ದವರೇ ಬೇಕು.

ಮೂರನೆಯದು, ಸಣ್ಣದನ್ನು ತಿದ್ದು. ಒಂದು ಸಾಲು ಅನುವಾದ, ಒಂದು ತಪ್ಪು ಅಕ್ಷರ, ಬಳಸುವ ವಿಧಾನ ವಿವರಿಸುವ ಒಂದು ಪುಟ. ಒಂದು ಸಲಕ್ಕೆ ಒಂದೇ ವಿಷಯ, ಜೊತೆಗೆ ಕಾರಣ. ಕಳಿಸಿದ ಮೇಲೆ ಕಾಯಿ. ನೋಡುವವರೂ ತಮ್ಮ ಕೆಲಸ ಮುಗಿಸಿ ಬಂದು ನೋಡುವವರು. ವಾಪಸ್ ಬಂದರೆ ಕೆಂಪು ಶಾಯಿ ಎಂದುಕೋ.

ನಾಲ್ಕನೆಯದು ಈಗ ಬಿಇ, ಡಿಪ್ಲೊಮಾ ಓದುತ್ತಿರುವವರಿಗೆ. ಸಿ ಭಾಷೆ ಕಲಿತು, ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬಳಸಲು ಬಂದರೆ ಲಿನಕ್ಸ್‌ನ ತಿರುಳಿಗೇ ಕೈ ಹಾಕಬಹುದು. ಅದರೊಳಗೆ ಸ್ಟೇಜಿಂಗ್ ಎಂಬ ವಿಭಾಗವಿದೆ. ಇನ್ನೂ ಹದವಾಗದ ಕೋಡ್ ಅಲ್ಲಿರುತ್ತದೆ, ಹೊಸಬರು ಅದನ್ನು ಚೊಕ್ಕ ಮಾಡುತ್ತ ಕಲಿಯುತ್ತಾರೆ. ತಿದ್ದುಪಡಿಯನ್ನು ಇಮೇಲಿನಲ್ಲಿ ಕಳಿಸಬೇಕು, ಇದು ನನ್ನದೇ ಕೆಲಸ, ಕೊಡಲು ನನಗೆ ಹಕ್ಕಿದೆ ಎಂದು ಹೆಸರು ಹಾಕಿ ಸಹಿ ಮಾಡಬೇಕು. ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ ಕಾರ್ಯಕ್ರಮ 2005ರಿಂದ ನಡೆಯುತ್ತಿದೆ. 18 ವರ್ಷ ತುಂಬಿದವರು ಅರ್ಜಿ ಹಾಕಬಹುದು, ಮಾರ್ಗದರ್ಶಕರ ಜೊತೆ ಮುಕ್ತ ತಂತ್ರಾಂಶದಲ್ಲಿ ಕೆಲಸ ಮಾಡಿದರೆ ಗೌರವಧನವೂ ಸಿಗುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ಸಣ್ಣ ಸಣ್ಣ ತಿದ್ದುಪಡಿ ಮಾಡಿದವರಿಗೆ ಅಲ್ಲಿ ದಾರಿ ಸಲೀಸು.

ಪಾಲಕರಿಗೆ ಒಂದು ಎಚ್ಚರಿಕೆ. ಈ ಕೆಲಸಕ್ಕೆ ಯಾರಿಗೂ ಒಂದು ರೂಪಾಯಿ ಕಟ್ಟಬೇಕಾಗಿಲ್ಲ. ಕಟ್ಟಿ ಎಂದವರನ್ನು ನಂಬಬೇಡಿ. ಮಕ್ಕಳು ಪರಿಚಯವಿಲ್ಲದವರ ಜೊತೆ ಬರೆಯುವಾಗ ಗುರುಗಳೋ, ಮನೆಯ ಹಿರಿಯರೋ ಜೊತೆಗಿರಲಿ. ಮಕ್ಕಳಿಗೂ ಒಂದು ಮಾತು: ಈಗ ಯಂತ್ರವೇ ಅನುವಾದ ಮಾಡಿಕೊಡುತ್ತದೆ. ಅದನ್ನು ಹಾಗೇ ಎತ್ತಿ ಕಳಿಸಬೇಡಿ. ಅದು ಕೊಟ್ಟ ಸಾಲನ್ನು ಜೋರಾಗಿ ಒಮ್ಮೆ ಓದಿ. ಅವ್ವನಿಗೆ ಅರ್ಥವಾಗದಿದ್ದರೆ ಅದು ಇನ್ನೂ ಕನ್ನಡ ಆಗಿಲ್ಲ.

ಕೊನೆಗೆ ಇಂಗ್ಲಿಷಿನ ಮಾತು. ಇಂಗ್ಲಿಷ್ ಬೇಡ ಎಂದು ನಾನು ಹೇಳುವುದಿಲ್ಲ, ಬೇಕು. ಆದರೆ ಇಂಗ್ಲಿಷ್ ಬಂದ ಮೇಲೆ ಶುರು ಮಾಡುತ್ತೇನೆ ಎಂದು ಕೂತರೆ ಶುರುವಾಗುವುದೇ ಇಲ್ಲ. ನನಗೆ ಇಂಗ್ಲಿಷ್ ಬಂದದ್ದೇ ಆ ತಿದ್ದುಪಡಿಗಳಿಗೆ ಕಾರಣ ಬರೆಯುತ್ತ ಬರೆಯುತ್ತ. ಮೊದಲ ಕಾರಣ ಮೂರು ಸಾಲು ಇತ್ತು, ಅದರಲ್ಲಿ ನಾಲ್ಕು ತಪ್ಪು. ಯಾರೂ ನಗಲಿಲ್ಲ, ಏಕೆಂದರೆ ಅವರಿಗೆ ಬೇಕಾಗಿದ್ದದ್ದು ನನ್ನ ಕನ್ನಡ.

ಮನೆಯಲ್ಲಿ ಕಂಪ್ಯೂಟರ್ ಇಲ್ಲ ಎಂದಳಲ್ಲ, ಅದಕ್ಕೆ ಬರೀ ಮಾತು ಸಾಲದು. ನಮ್ಮ ಬ್ಯಾಚಿನ ಗೆಳೆಯರು ಸೇರಿ ನಾಲ್ಕು ಹಳೆಯ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಮಾಡಿಸಿ, ಕನ್ನಡದ ಲಿನಕ್ಸ್ ಹಾಕಿ ತಂದಿದ್ದೇವೆ. ಇವತ್ತು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇವೆ. ಹೊಸವಲ್ಲ, ಮೂಲೆ ಸ್ವಲ್ಪ ಸವೆದಿವೆ, ಓಡುತ್ತವೆ. ಅವರು ಒಪ್ಪಿದ್ದಾರೆ, ದಸರಾ ರಜೆಯಲ್ಲಿ ಒಂದು ವಾರ ನಾನೇ ಬಂದು ಕೂರುತ್ತೇನೆ. ಕಲಿಸಲು ಅಲ್ಲ, ಜೊತೆಗೆ ತಪ್ಪು ಹುಡುಕಲು.

ತಂಗಿ, ನೀನು ಬರುವಾಗ ಒಂದು ನೋಟ್‌ಬುಕ್ ತಾ. ಕೆಂಪು ಪೆನ್ನು ನಾನು ತರುತ್ತೇನೆ. ಮೊದಲ ದಿನ ನನ್ನ ಅನುವಾದಗಳನ್ನೇ ನಿನ್ನ ಮುಂದೆ ಇಡುತ್ತೇನೆ, ನೀನು ತಿದ್ದು. ಅದರಲ್ಲಿ ತಪ್ಪು ಸಿಗುತ್ತದೆ ಎಂಬುದು ನನಗೆ ಗೊತ್ತು.

ಅಪ್ಪ, ಮುಯ್ಯಿ ಇನ್ನೂ ಪೂರ್ತಿ ತೀರಿಲ್ಲ. ತೀರಿಸಲು ಹತ್ತಿದ್ದೇನೆ.